ಮಾವಿನ ವಾಸನೆಯ ಬಂಗಾರದ ಕಳಶ

ಮೈಸೂರಿನಲ್ಲಿ ಒಂದು ಅರಮನೆ ಇದೆ ಅನ್ನೋದು ಲೋಕಕ್ಕೆಲ್ಲ ಗೊತ್ತು. ಎರಡನೆಯದು ಮಿಷಿಗನ್ನಿನ ಕ್ಯಾಂಟನ್ ಊರಿನಲ್ಲಿ, ನಮ್ಮ ಮನೆಯ ಹಿಂದಿನ ಪ್ಯಾಟಿಯೋ ಅನ್ನುವ ಕಲ್ಲುಹಾಸಿನ ಮೇಲೆ, ಒಂಬತ್ತು ದಿನ ನಿಂತಿತ್ತು ಅನ್ನೋದು ಮಾತ್ರ ಚರಿತ್ರೆ ಬರೆಯುವವರ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಅದರ ತುದಿಯಲ್ಲಿ ಒಂದು ಬಂಗಾರದ ಕಳಶ ಇತ್ತು. ಆ ಕಳಶ ನನ್ನದು. ಇಷ್ಟು ಸಣ್ಣ ಮಾತನ್ನು ಬಾಯಿಬಿಟ್ಟು ಹೇಳೋಕೆ ನನ್ನಂಥ ವಾಗ್ಮಿಗೆ ಒಂಬತ್ತು ದಿನ ಹಿಡಿಯಿತು.

ನಾನು ಜಗನ್ನಾಥ. ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಬ್ಯಾಟರಿಗಳನ್ನು ಪರೀಕ್ಷೆ ಮಾಡೋದು ನನ್ನ ಕೆಲಸ. ಅಮೆರಿಕದ ರಸ್ತೆಗಳಲ್ಲಿ ಓಡುವ ಕಾರುಗಳಲ್ಲಿ ಅರ್ಧ ನನ್ನ ದಯೆಯಿಂದ ಓಡುತ್ತವೆ, ಇನ್ನರ್ಧ ನನ್ನ ಹೆದರಿಕೆಯಿಂದ. ಇಂಥ ನನಗೆ ಒಂದೇ ಒಂದು ದುರಭ್ಯಾಸ ಇತ್ತು: ವೇಪ್ ಸೇದೋದು. ಸಿಗರೇಟಿನ ತಮ್ಮ ಅದು. ಬೆರಳುದ್ದದ ಬಣ್ಣದ ಪ್ಲಾಸ್ಟಿಕ್ ಕೊಳವೆ, ಒಳಗೆ ಪುಟ್ಟ ಬ್ಯಾಟರಿ, ನಿಕೋಟಿನ್ ಕಲೆಸಿದ ಹಣ್ಣಿನ ವಾಸನೆಯ ರಸ. ಎರಡು ವಾರ ಸೇದಿ ಬಿಸಾಕಿದರೆ ಮುಗಿಯಿತು.

ಹೋದ ಯುಗಾದಿಗೆ ಅದನ್ನು ಬಿಟ್ಟೆ. ಸುಮ್ಮನೆ ಬಿಡಲಿಲ್ಲ, ನಮ್ಮ ಕನ್ನಡ ಕೂಟದ ವೇದಿಕೆ ಹತ್ತಿ, ಮನೋಬಲದಿಂದ ಒಂದೇ ದಿನದಲ್ಲಿ ಚಟ ಬಿಡೋದು ಹೇಗೆ ಅಂತ ನಲವತ್ತು ನಿಮಿಷ ಭಾಷಣ ಮಾಡಿ ಬಿಟ್ಟೆ. ಸಭೆಯಲ್ಲಿ ಹನ್ನೆರಡು ಸಾವಿರ ಜನ. ಹಾಲ್ ಹಿಡಿಸೋದು ನೂರೈವತ್ತೇ ನಿಜ, ಆದರೆ ಒಬ್ಬೊಬ್ಬರೂ ಎಂಬತ್ತು ಜನರಷ್ಟು ಚಪ್ಪಾಳೆ ತಟ್ಟಿದರೆ ಲೆಕ್ಕ ಅಷ್ಟೇ ಆಗುತ್ತೆ. ನನ್ನ ಹೆಂಡತಿ ವಿನಿತಾ ಮೊದಲ ಸಾಲಿನಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನು ಮುಟ್ಟಲ್ಲ ಅಂತ ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಆ ಮನೋಬಲ ನಾಲ್ಕು ದಿನ ಬಂತು. ಐದನೆಯ ದಿನ ಗರಾಜಿನಲ್ಲಿ, ಪೇಂಟ್ ಡಬ್ಬಿಗಳ ಹಿಂದೆ, ಒಂದು ವೇಪ್ ತಾನೇ ಹುಟ್ಟಿಕೊಂಡಿತು. ನಾನು ಕೊಂಡು ತಂದಿಟ್ಟೆ ಅಂತ ಕೆಲವರು ಹೇಳಬಹುದು. ಅಲ್ಲಿಗೆ ಹೋಗೋಕೆ ನೆಪ ಬೇಕಲ್ಲ? ಕಾರಿನ ಟೈರಿಗೆ ಗಾಳಿ ನೋಡಿ ಬರ್ತೀನಿ ಅಂತ ದಿನಕ್ಕೆ ಮೂರು ಸಲ ಹೋಗಿಬರುತ್ತಿದ್ದೆ. ಖಾಲಿಯಾದದ್ದನ್ನು ಗ್ಯಾಸ್ ಸ್ಟೇಷನ್ನಿನ, ಅಂದರೆ ಪೆಟ್ರೋಲ್ ಬಂಕಿನ, ಕಸದ ಡಬ್ಬಿಗೆ ಹಾಕಿ, ಹೊಸದು ತರುತ್ತಿದ್ದೆ. ಬ್ಯಾಟರಿಯನ್ನು ಕಸಕ್ಕೆ ಹಾಕಬಾರದು ಅಂತ ಆಫೀಸಿನಲ್ಲಿ ಹೊಸಬರಿಗೆ ಪಾಠ ಹೇಳುವವನೂ ನಾನೇ.

ಆಗಸ್ಟಿನಲ್ಲಿ ನಮ್ಮತ್ತೆ ಪದ್ಮಮ್ಮ ಆರು ತಿಂಗಳಿಗೆ ಅಂತ ಮೈಸೂರಿನಿಂದ ಬಂದಿಳಿದರು. ಎತ್ತರ ಐದಡಿ, ನೋಟ ಐದು ಮೈಲಿ. ಅವರ ಮನಸ್ಸಿನಲ್ಲಿ ಇದ್ದದ್ದು ಒಂದೇ: ದಸರಾ ಗೊಂಬೆ ಸ್ಪರ್ಧೆ. ಮೂರು ವರ್ಷದ ಹಿಂದೆ ಬಂದಿದ್ದಾಗ ನಮ್ಮ ಕೂಟದ ಸ್ಪರ್ಧೆಯಲ್ಲಿ ಅವರಿಗೆ ಎರಡನೆಯ ಬಹುಮಾನ ಬಂದಿತ್ತು. ಯಾರೋ ಗೊಂಬೆಗಳ ಮುಂದೆ ಆಟದ ರೈಲು ಓಡಿಸಿ ಮೊದಲನೆಯದನ್ನು ಹೊಡೆದುಕೊಂಡಿದ್ದರು. ಮೈಸೂರಿನ ಚಾಮರಾಜಪುರದ ತಮ್ಮ ಗೊಂಬೆಗಳನ್ನು ಒಂದು ಪ್ಲಾಸ್ಟಿಕ್ ರೈಲು ಸೋಲಿಸಿದ್ದನ್ನು ಅತ್ತೆ ಮರೆತಿರಲಿಲ್ಲ. ಈ ಸಲ ಪಟ್ಟದ ಗೊಂಬೆಗಳು, ಅಂದರೆ ಮದುವೆಯಲ್ಲಿ ಅವರ ತಾಯಿ ಕೊಟ್ಟ ಮರದ ರಾಜ-ರಾಣಿ, ಸೀರೆಗಳ ಮಧ್ಯೆ ಮಲಗಿ ವಿಮಾನದಲ್ಲಿ ಬಂದಿದ್ದರು. ಅರಮನೆಯನ್ನು ಮಾತ್ರ ಇಲ್ಲೇ ಕಟ್ಟುತ್ತೇನೆ ಅಂದರು. ಯಾತರಲ್ಲಿ ಅಂತ ಯಾರಿಗೂ ಹೇಳಲಿಲ್ಲ.

ಪಾಡ್ಯದ ಸಂಜೆ ಮೆಟ್ಟಿಲ ಮೇಲಿನ ಗೊಂಬೆಗಳಿಗೆ ಹೊದಿಸಿದ್ದ ಸೀರೆ ಸರಿಸಿದರು. ನಾನು ಜಗತ್ತಿನ ಏಳು ಅದ್ಭುತಗಳನ್ನೂ ನೋಡಿದವನು, ಅದರಲ್ಲಿ ನಾಲ್ಕನ್ನು ಟೀವಿಯಲ್ಲಿ. ಅವು ಯಾವುದೂ ಇದರ ಮುಂದೆ ನಿಲ್ಲಲ್ಲ. ಗುಲಾಬಿ, ನೀಲಿ, ಹಸಿರು, ನೇರಳೆ ಕಂಬಗಳ ಸಾಲು ಸಾಲು ಅರಮನೆ. ಕೆಲವು ಕಂಬಗಳಲ್ಲಿ ಪುಟ್ಟ ಪರದೆ ಮಿನುಗುತ್ತಿತ್ತು, ದಸರಾ ದೀಪಾಲಂಕಾರದ ಹಾಗೆ. ತುದಿಯಲ್ಲಿ ಬಂಗಾರದ ಕಳಶ. ಮುಂದುಗಡೆ ಎರಡು ತುಪ್ಪದ ದೀಪ.

ಆ ಕಳಶವನ್ನು ನಾನು ತಕ್ಷಣ ಗುರುತು ಹಿಡಿದೆ. ಬೆಳಿಗ್ಗೆ ತಾನೇ ಪೇಂಟ್ ಡಬ್ಬಿಯ ಹಿಂದೆ ಹುಡುಕಿ ಹುಡುಕಿ ಸಿಗದೆ ಇಲಿ ಎಳೆದುಕೊಂಡು ಹೋಯಿತೇನೋ ಅಂತ ಬೈದುಕೊಂಡಿದ್ದೆ. ಅಲ್ಫಾನ್ಸೋ ಮಾವಿನ ರುಚಿ, ಮೂರು ದಿನದ ಹಿಂದೆ ತಂದದ್ದು. ಮಿಕ್ಕ ಕಂಬಗಳೂ ಅದರ ಅಣ್ಣತಮ್ಮಂದಿರೇ. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಪಕ್ಕದ ಮನೆಯ ನಾಯಿ ಬೊಗಳಿತು.

ಇವು ವೇಪ್ ಅಂತ ಬಾಯಿಬಿಟ್ಟರೆ, ನಿಮಗೆ ಹೇಗೆ ಗೊತ್ತಾಯಿತು ರೀ ಅನ್ನುತ್ತಾಳೆ ವಿನಿತಾ. ಬಿಡದಿದ್ದರೆ ಬ್ಯಾಟರಿಗಳ ಕಾಲಬುಡದಲ್ಲಿ ತುಪ್ಪದ ದೀಪ ಉರಿಯುತ್ತಿದೆ. ನಾನು ಧೀರನಾಗಿ ಮಧ್ಯದ ದಾರಿ ಹಿಡಿದೆ. ಈ ಮೂಲೆಯಲ್ಲಿ ದೀಪ ಇದ್ದರೆ ವಾಸ್ತುವಿಗೆ ಆಗಿಬರಲ್ಲ ಅಂತ ಹೇಳಿ ಎರಡು ದೀಪವನ್ನೂ ಎತ್ತಿಕೊಂಡು ಅಡುಗೆಮನೆ ಕಡೆ ಓಡಿದೆ. ವಾಸ್ತುವನ್ನು ಜನ್ಮದಲ್ಲಿ ನಂಬದ ಗಂಡನನ್ನು ವಿನಿತಾ ಬಾಯಿ ತೆರೆದುಕೊಂಡು ನೋಡಿದಳು.

ಅಷ್ಟರಲ್ಲಿ ನನ್ನ ಮಗಳು ದಿಯಾ ವಾಲಿಬಾಲ್ ಪ್ರ್ಯಾಕ್ಟೀಸ್ ಮುಗಿಸಿ ಒಳಗೆ ಬಂದಳು. ಹದಿನಾರು ವರ್ಷ, ಹೈಸ್ಕೂಲು. ಬ್ಯಾಗು ಕೆಳಗೆ ಹಾಕಿ ಅರಮನೆಯ ಮುಂದೆ ಬಗ್ಗಿ ನೋಡಿದಳು.

"ಅಜ್ಜಿ," ಅಂದಳು ಮೆಲ್ಲಗೆ, "ದೀಸ್ ಆರ್ ಆಲ್ ವೇಪ್ಸ್."

ಆಮೇಲೆ ತಿಳಿದದ್ದು ಇಷ್ಟು. ಅತ್ತೆ ದಿನಾ ಬೆಳಿಗ್ಗೆ ಹೈಸ್ಕೂಲಿನ ಹಿಂದಿನ ಕಾಲುದಾರಿಯಲ್ಲಿ ವಾಕಿಂಗ್ ಹೋಗುತ್ತಿದ್ದರು. ಹುಲ್ಲಿನಲ್ಲಿ, ಬಸ್ ನಿಲ್ಲುವ ಕಡೆ, ಬೆಂಚಿನ ಕೆಳಗೆ ಇವು ಬಿದ್ದಿರುತ್ತಿದ್ದವು. ಮೂಸಿದರೆ ಕಲ್ಲಂಗಡಿ, ದ್ರಾಕ್ಷಿ, ಪುದೀನ. ಇಲ್ಲಿಯ ಮಕ್ಕಳು ಇಷ್ಟು ಚೆಂದದ ಸೆಂಟು ಬಾಟಲಿಗಳನ್ನು ಬಿಸಾಕುತ್ತಾರಲ್ಲ ಅಂತ ಮರುಗಿ, ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಎರಡು ತಿಂಗಳಲ್ಲಿ ನಲವತ್ತಮೂರು.

ದಿಯಾ ಅಜ್ಜಿಯನ್ನು ಮೊದಲು ಸಿಂಕಿನ ಮುಂದೆ ನಿಲ್ಲಿಸಿ ಸೋಪಿನಲ್ಲಿ ಕೈ ತೊಳೆಸಿದಳು. ಆಮೇಲೆ ಅರ್ಧ ಇಂಗ್ಲಿಷಿನಲ್ಲಿ, ಕಾಲು ಕನ್ನಡದಲ್ಲಿ, ಇನ್ನು ಕಾಲು ಕೈಸನ್ನೆಯಲ್ಲಿ ವಿವರಿಸಿದಳು. ಒಳಗಿನ ರಸ ವಿಷ, ಸೋರಿದರೆ ಚರ್ಮಕ್ಕೂ ಆಗದು. ಬ್ಯಾಟರಿ ಜಜ್ಜಿಹೋದರೆ, ಕಾದರೆ, ಬೆಂಕಿ. ಕಸದ ಡಬ್ಬಿಗೆ ಹಾಕಿದರೆ ಕಸದ ಲಾರಿಯೊಳಗೆ ಹೊತ್ತಿಕೊಳ್ಳುತ್ತೆ. ಪ್ಲಾಸ್ಟಿಕ್ ಅಂತ ರೀಸೈಕ್ಲಿಂಗಿಗೆ ಹಾಕಿದರೆ ಅಲ್ಲೂ ಅದೇ ಕಥೆ. ಬಿಚ್ಚಿ ಬೇರೆಬೇರೆ ಮಾಡೋಕೂ ಹೋಗಬಾರದು. ಕೌಂಟಿಯವರು, ಅಂದರೆ ಇಲ್ಲಿಯ ಜಿಲ್ಲಾಡಳಿತದವರು, ಅಪಾಯದ ಕಸ ತೆಗೆದುಕೊಳ್ಳುವ ದಿನ ಒಯ್ದು ಕೊಡಬೇಕು. ಫೋನಿನಲ್ಲಿ ನೋಡಿದಳು: ಲಿವೋನಿಯಾದಲ್ಲಿ, ಬರುವ ವಾರದ ಶನಿವಾರ. ವಿಜಯದಶಮಿಯ ದಿನ.

ಇಷ್ಟನ್ನೂ ನಾನೇ ಹೇಳಬೇಕಿತ್ತು. ಇದೇ ನನ್ನ ಉದ್ಯೋಗ. ನಾನು ಹೌದು ಹೌದು ಅಂತ ಹಿಂದೆ ನಿಂತು ತಲೆ ಆಡಿಸಿದೆ.

ಅತ್ತೆ ಸೋಫಾ ಮೇಲೆ ಕೂತು ಅರಮನೆಯನ್ನೊಮ್ಮೆ, ರಾಜ-ರಾಣಿಯನ್ನೊಮ್ಮೆ ನೋಡಿದರು. ಒಮ್ಮೆ ಕೂರಿಸಿದ್ದನ್ನು ದಶಮಿಯವರೆಗೆ ಕದಲಿಸಬಾರದು ಅನ್ನೋದು ಅವರ ಮನೆಯಲ್ಲಿ ಏಳು ತಲೆಮಾರಿನ ಕಟ್ಟಳೆ. ಕೊನೆಗೆ ಸುಪ್ರೀಂ ಕೋರ್ಟಿನವರೂ ಎದ್ದುನಿಂತು ಕೈಮುಗಿಯುವಂಥ ತೀರ್ಪು ಕೊಟ್ಟರು.

"ಕದಲಬಾರದ್ದು ರಾಜ-ರಾಣಿ. ಅರಮನೆ ಗೊಂಬೆಯಲ್ಲ, ಕಟ್ಟಡ. ಅದು ಆಚೆ ಹೋಗಲಿ. ಆದರೆ ಅರಿಶಿನ-ಕುಂಕುಮ ಇಟ್ಟಾಗಿದೆ, ದಶಮಿಯವರೆಗೆ ಒಂದು ಕಂಬವನ್ನೂ ಯಾರೂ ಕೀಳಕೂಡದು."

ಕೊನೆಯ ಮಾತು ಹೇಳುವಾಗ ಅವರು ನನ್ನ ಕಡೆ ನೋಡಿದರು ಅನ್ನಿಸಿತು. ದೊಡ್ಡವರು ಸಭೆಯಲ್ಲಿ ಮುಖ್ಯರಾದವರನ್ನು ನೋಡಿ ಮಾತಾಡುವುದು ವಾಡಿಕೆ ಅಂತ ಸಮಾಧಾನ ಮಾಡಿಕೊಂಡೆ.

ಪ್ಯಾಟಿಯೋ ಮೇಲೆ ನಾವು ಬೇಸಿಗೆಯಲ್ಲಿ ಸೌದೆ ಉರಿಸುವ ದೊಡ್ಡ ಕಬ್ಬಿಣದ ತೊಟ್ಟಿ ಇತ್ತು, ಮುಚ್ಚಳ ಸಮೇತ. ಹಿಮ ಬಿದ್ದಾಗ ಡ್ರೈವ್‌ವೇ ಮೇಲೆ ಸುರಿಯೋಕೆ ಇಟ್ಟಿದ್ದ ಒಣ ಮರಳನ್ನು ಅದಕ್ಕೆ ತುಂಬಿದೆ. ಎರಡು ಚೀಲ ಮರಳು. ಹೊತ್ತು ತಂದ ರೀತಿ ನೋಡಿದ್ದರೆ ಎರಡು ಬೆಟ್ಟ ಅನ್ನುತ್ತಿದ್ದಿರಿ. ದಿಯಾ ಕೈಗವಸು ಹಾಕಿಕೊಂಡು ಒಂದೊಂದೇ ಕಂಬವನ್ನು ಮರಳಲ್ಲಿ ನೆಟ್ಟಳು. ಅತ್ತೆ ಮುಂದೆ ನಿಂತು, ಎಡಕ್ಕೆ, ಬಲಕ್ಕೆ ಅಂತ ಹೇಳಿದರು. ಮನೆಯ ಗೋಡೆಗೆ ತಾಗದ ಹಾಗೆ, ಮಾಡಿನ ಕೆಳಗೆ, ಬೆಂಕಿ ಇಲ್ಲದ ಜಾಗದಲ್ಲಿ ಅರಮನೆ ಮತ್ತೆ ಎದ್ದಿತು. ಕಳಶ ಕೈಗೆ ಬಂದಾಗ ದಿಯಾ ಕೇಳಿದಳು, ಇದು ಹೊಸದರ ಹಾಗಿದೆಯಲ್ಲ ಅಜ್ಜಿ, ಇದೂ ಅಲ್ಲೇ ಸಿಕ್ಕಿತಾ ಅಂತ.

"ಅದು ಬೇರೆ ದಾರೀಲಿ ಸಿಕ್ತು ಪುಟ್ಟಿ," ಅಂದರು ಅತ್ತೆ.

ಬದುಕಿದೆ ಅಂದುಕೊಂಡೆ. ಇನ್ನು ಆ ಕಳಶವನ್ನು ಯಾರಿಗೂ ಗೊತ್ತಾಗದ ಹಾಗೆ ಎತ್ತಿಬಿಟ್ಟರೆ ನನ್ನ ಭಾಷಣ ಉಳಿಯಿತು, ಮಾನ ಉಳಿಯಿತು. ಆದರೆ ಪ್ಯಾಟಿಯೋದ ಗಾಜಿನ ಬಾಗಿಲ ಹಿಂದೆ ಅತ್ತೆ ಖುರ್ಚಿ ಹಾಕಿಕೊಂಡು ಕೂತರು. ಅಲ್ಲೇ ಅವರೆಕಾಳು ಹಿಚುಕಿದರು, ಅಲ್ಲೇ ಹೂಬತ್ತಿ ಹೊಸೆದರು, ಅಲ್ಲೇ ಫೋನಿನಲ್ಲಿ ಮೈಸೂರಿನ ತಂಗಿಯರ ಜೊತೆ ಜಗಳ ಆಡಿದರು. ದೇಶದ ಗಡಿ ಕಾಯುವವರನ್ನು ಇವರ ಹತ್ತಿರ ತರಬೇತಿಗೆ ಕಳಿಸಬೇಕು.

ಮೂರನೆಯ ದಿನಕ್ಕೆ ನನ್ನ ತಲೆ ಕುಂಬಳಕಾಯಿಯಷ್ಟಾಯಿತು. ಕೈ ನಡುಗಿದ ರಭಸಕ್ಕೆ ಕಾಫಿ ತಾನೇ ನೊರೆ ಬಂತು. ಗ್ಯಾಸ್ ಸ್ಟೇಷನ್ನಿಗೆ ಡ್ರೈವ್ ಮಾಡಿಕೊಂಡು ಹೋದೆ. ಗಾಜಿನ ಹಿಂದೆ ಅವು ಸಾಲಾಗಿ ನಿಂತಿದ್ದವು, ಗುಲಾಬಿ, ನೀಲಿ, ಬಂಗಾರ. ಇಷ್ಟು ವರ್ಷ ಅವು ನನಗೆ ಸಾಮಾನಿನ ಹಾಗೆ ಕಂಡಿದ್ದವು. ಈಗ ಕಂಬದ ಹಾಗೆ ಕಂಡವು. ಯಾಕೆಂದರೆ ಅಷ್ಟರಲ್ಲಿ ನಮ್ಮ ಮನೆಯಲ್ಲಿ ಹೊಸ ಪದ್ಧತಿ ಶುರುವಾಗಿತ್ತು. ಅತ್ತೆ ಅಡುಗೆಮನೆಯ ಇಕ್ಕಳ, ದಿಯಾಳ ಕೈಗವಸು, ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಹಿಡಿದು ವಾಕಿಂಗ್ ಹೋಗಿ, ಸಿಕ್ಕಿದ್ದನ್ನು ತಂದು ಮರಳಲ್ಲಿ ಸಾಲು ಸೇರಿಸುತ್ತಿದ್ದರು. ದಿಯಾ ಫ್ರಿಜ್ಜಿನ ಬಾಗಿಲ ಮೇಲೆ ಚೀಟಿ ಅಂಟಿಸಿ ಎಣಿಕೆ ತಿದ್ದುತ್ತಿದ್ದಳು. ನಲವತ್ತಮೂರು ಹೊಡೆದುಹಾಕಿ ನಲವತ್ತೈದು. ನಾನು ಇದನ್ನು ಕೊಂಡರೆ ಎರಡು ವಾರಕ್ಕೆ ಇದೂ ಒಂದು ಕಂಬ. ಎಲ್ಲಿ ಬಿಸಾಡಿದರೂ ನಮ್ಮತ್ತೆಯ ಇಕ್ಕಳ ಅದನ್ನು ಹುಡುಕಿಕೊಂಡು ಬರುತ್ತೆ ಅಂತ ಯಾಕೋ ಖಾತ್ರಿಯಾಯಿತು. ಒಂದು ಪೊಟ್ಟಣ ಚ್ಯೂಯಿಂಗ್ ಗಮ್ ಕೊಂಡು ವಾಪಸು ಬಂದೆ. ಆ ವಾರ ನಾನು ಅಗಿದ ಗಮ್ಮಿನಲ್ಲಿ ಡೆಟ್ರಾಯ್ಟಿನಿಂದ ಷಿಕಾಗೋವರೆಗೆ ರಸ್ತೆ ಹಾಕಬಹುದಿತ್ತು.

ಭಾನುವಾರ ಸ್ಪರ್ಧೆಯ ತೀರ್ಪುಗಾರರು ಬರುವುದಿತ್ತು. ಅತ್ತೆ ಸೀರೆ ಉಡೋಕೆ ಮೇಲೆ ಹೋದರು. ಗಾಜಿನ ಬಾಗಿಲ ಕಾವಲು ತಪ್ಪಿದ್ದು ಅದೊಂದೇ ಸಲ. ನಾನು ಚಿರತೆಯ ಹಾಗೆ ಪ್ಯಾಟಿಯೋಗೆ ನೆಗೆದೆ. ಜೇಬಿನಲ್ಲಿ ಬಂಗಾರದ ಕಾಗದ ಸುತ್ತಿದ ಚಾಕಲೇಟು, ಕಳಶದ ಜಾಗಕ್ಕೆ ಇಡೋಕೆ. ಬಗ್ಗಿ ಎರಡೂ ಕೈ ಚಾಚಿ ಇನ್ನೇನು ಮುಟ್ಟಬೇಕು, ಪಕ್ಕದ ಗೇಟಿನಿಂದ ಕೂಟದ ಕಾರ್ಯದರ್ಶಿ ಲತಾಶ್ರೀ ಮೂರು ಜನ ಆಂಟಿಯರ ಜೊತೆ ಒಳಗೆ ಬಂದುಬಿಟ್ಟರು. ಚಾಚಿದ ಕೈಗಳನ್ನು ಏನು ಮಾಡೋದು? ಜೋಡಿಸಿದೆ. ಕಣ್ಣು ಮುಚ್ಚಿದೆ. ತಲೆ ತಗ್ಗಿಸಿದೆ.

"ಜಗನ್ನಾಥ್ ಅವರಿಗೆ ಇಷ್ಟು ಭಕ್ತಿ ಇದೆ ಅಂತ ಗೊತ್ತೇ ಇರಲಿಲ್ಲ," ಅಂದರು ಲತಾಶ್ರೀ, ಫೋಟೋ ತೆಗೆಯುತ್ತಾ.

ಐದು ನಿಮಿಷದಲ್ಲಿ ನಾನು ವೇಪಿಗೆ ನಮಸ್ಕಾರ ಮಾಡುವ ಫೋಟೋ ಕೂಟದ ವಾಟ್ಸಾಪ್ ಗುಂಪಿನಲ್ಲಿತ್ತು. ದಿಯಾ ಅವರಿಗೆಲ್ಲ ಈ ಕಂಬಗಳು ಏನು, ಯಾಕೆ ಮರಳಲ್ಲಿವೆ, ಎಲ್ಲಿಗೆ ಹೋಗುತ್ತವೆ ಅಂತ ಹೇಳಿದಳು. ಆಂಟಿಯರು ಜಾಕೆಟ್ ಹಾಕಿಕೊಂಡು ಚಳಿಯಲ್ಲಿ ನಿಂತು ಕೇಳಿದರು. ಒಬ್ಬರು ತಮ್ಮ ಮಗನ ರೂಮಿನಲ್ಲೂ ಇಂಥ ಒಂದು ಪೆನ್ ಡ್ರೈವ್ ನೋಡಿದ್ದೀನಿ ಅಂತ ಹೇಳಿ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಬಗ್ಗಿದಾಗ ಜೇಬಿನಿಂದ ಜಾರಿದ್ದ ಚಾಕಲೇಟನ್ನು ಅಳಿಲು ಹೊತ್ತುಕೊಂಡು ಹೋಯಿತು.

ಅದಾದ ಮೇಲೆ ನಾನು ಕಳಶದ ಆಸೆ ಬಿಟ್ಟೆ. ದಿನಾ ಬೆಳಿಗ್ಗೆ ಅತ್ತೆ ಕರೆದು, ಅಳಿಯಂದ್ರೇ, ಬನ್ನಿ, ಅರಮನೆಗೆ ಕೈ ಮುಗೀರಿ, ನಿಮ್ಮ ಭಕ್ತಿ ಊರಿಗೆಲ್ಲ ಗೊತ್ತಾಗಿದೆ ಅನ್ನುವರು. ನಾನು ಹೋಗಿ ಮುಗಿಯುವೆ. ಗಾಳಿಗೆ ಸಣ್ಣಗೆ ಮಾವಿನ ವಾಸನೆ ಬರುತ್ತಿತ್ತು. ಮೊದಮೊದಲು ಬಾಯಲ್ಲಿ ನೀರೂರುತ್ತಿತ್ತು. ಎಂಟನೆಯ ದಿನದ ಹೊತ್ತಿಗೆ ಯಾವುದೋ ಅಗ್ಗದ ಫಿನಾಯಿಲ್ ವಾಸನೆಯ ಹಾಗೆ ಇತ್ತು.

ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿ ಆಯಿತು. ಮೈಸೂರಿನಲ್ಲಿ ಅರಮನೆಯಿಂದ ಮೆರವಣಿಗೆ ಹೊರಡುತ್ತೆ. ನಮ್ಮಲ್ಲಿ ಅರಮನೆಯೇ ಹೊರಟಿತು. ತೊಟ್ಟಿಗೆ ಮುಚ್ಚಳ ಹಾಕಿ ಮಿನಿವ್ಯಾನಿನ ಹಿಂದೆ ಭದ್ರ ಮಾಡಿದೆ. ಅತ್ತೆ ಜರಿ ಸೀರೆ, ಮೇಲೆ ದಪ್ಪ ಜಾಕೆಟ್ಟು. ದಿಯಾ ಫ್ರಿಜ್ಜಿನ ಚೀಟಿ, ಮಾರ್ಕರ್ ಪೆನ್ನು ಹಿಡಿದು ಹಿಂದೆ ಕೂತಳು, ವಿನಿತಾ ಮುಂದೆ. ಆನೆ ಒಂದು ಇರಲಿಲ್ಲ, ಆದರೆ ನಾನು ಡ್ರೈವ್ ಮಾಡಿದ ಗಾಂಭೀರ್ಯ ಅದಕ್ಕಿಂತ ಕಡಿಮೆಯೇನೂ ಅಲ್ಲ. ಲಿವೋನಿಯಾದ ಆ ಪಾರ್ಕಿಂಗ್ ಲಾಟಿನ ಮುಂದೆ ಕಾರುಗಳ ಸಾಲು ಅರ್ಧ ಮೈಲಿ. ಹಳೇ ಪೇಂಟು, ಟ್ಯೂಬ್‌ಲೈಟು, ಹುಳದ ಔಷಧಿ, ಎಲ್ಲರೂ ತಮ್ಮ ತಮ್ಮ ಪಾಪ ಹೊತ್ತು ಬಂದಿದ್ದರು.

ನಮ್ಮ ಸರದಿ ಬಂತು. ಕಿತ್ತಳೆ ಬಣ್ಣದ ವೆಸ್ಟ್ ಹಾಕಿದ ಒಬ್ಬ ಆಜಾನುಬಾಹು ಮುಚ್ಚಳ ತೆಗೆದು ನೋಡಿ, ಇಪ್ಪತ್ತು ವರ್ಷದಲ್ಲಿ ಯಾರೂ ತನಗೆ ಇಷ್ಟು ಅಂದವಾಗಿ ಜೋಡಿಸಿದ ಕಸ ತಂದುಕೊಟ್ಟಿಲ್ಲ ಅಂದ. ದಿಯಾ ಕಾಲುದಾರಿಯ ಕಥೆ ಹೇಳಿದಳು. ಅವನು ಒಂದೊಂದೇ ತೆಗೆದು ತನ್ನ ಡ್ರಮ್ಮಿಗೆ ಹಾಕುತ್ತಾ ಹೋದ. ದಿಯಾ ಎಣಿಸಿದಳು. ಐವತ್ತೊಂದು ಆದ ಮೇಲೆ ಕಳಶ ಉಳಿಯಿತು. ಅವನು ಅದನ್ನು ಬೆಳಕಿಗೆ ಹಿಡಿದ. ಪುಟ್ಟ ಪರದೆಯ ಮೇಲೆ ತೊಂಬತ್ತೊಂದು ಪರ್ಸೆಂಟ್ ಅಂತ ಮಿನುಗಿತು. ಹೊಸದಲ್ಲವಾ, ರಸವೂ ತುಂಬಾ ಇದೆ, ಇದೂ ಅದೇ ದಾರಿಯಲ್ಲಿ ಸಿಕ್ಕಿದ್ದಾ ಅಂತ ಕೇಳಿದ.

ವಿನಿತಾ ತಿರುಗಿ ನೋಡಿದಳು. ನನ್ನ ಹತ್ತಿರ ಹದಿನಾಲ್ಕು ಸುಳ್ಳು ತಯಾರಿದ್ದವು, ಎಲ್ಲವೂ ರಫ್ತಿಗೆ ಯೋಗ್ಯವಾದ ಮಾಲು. ಆದರೆ ದಿಯಾ ಮಾರ್ಕರ್ ಎತ್ತಿ ಹಿಡಿದಿದ್ದಳು, ನಾನು ಹೇಳಿದ್ದನ್ನು ಚೀಟಿಯ ಮೇಲೆ ಬರೆಯೋಕೆ. ಹೌದು ಅಂದರೆ ಐವತ್ತೆರಡು ಅಂತ ಬರೆಯುತ್ತಾಳೆ. ಎರಡು ತಿಂಗಳ ಅಜ್ಜಿಯ ನಡಿಗೆ, ಮೊಮ್ಮಗಳ ಎಣಿಕೆ, ಅದರೊಳಗೆ ನನ್ನದೊಂದು ಕಳ್ಳ ಲೆಕ್ಕ.

"ಅದು ನಂದು," ಅಂದೆ.

ಕನ್ನಡ ಬಾರದ ಆ ಮನುಷ್ಯನಿಗಾಗಿ ಇಂಗ್ಲಿಷಿನಲ್ಲೂ ಒಮ್ಮೆ ಹೇಳಿದೆ. ಒಂದೇ ತಪ್ಪನ್ನು ಎರಡು ಭಾಷೆಯಲ್ಲಿ ಒಪ್ಪಿಕೊಂಡ ಗಂಡಸು ಮಿಷಿಗನ್ನಿನಲ್ಲಿ ನಾನೊಬ್ಬನೇ.

"ಮತ್ತೆ ಯುಗಾದಿ ಭಾಷಣ?" ವಿನಿತಾ ಕೇಳಿದಳು.

"ಭಾಷಣ ನಿಜ. ನಾಲ್ಕು ದಿನ ನಿಜ. ಈಗ ಈ ಒಂಬತ್ತು ದಿನವೂ ನಿಜ."

ಹಿಂದಿನ ಸೀಟಿನಿಂದ ಅತ್ತೆ ನಿಧಾನಕ್ಕೆ ಗಂಟಲು ಸರಿಮಾಡಿಕೊಂಡರು.

"ಅಳಿಯಂದ್ರು ದಿನಕ್ಕೆ ಮೂರು ಸಲ ಟೈರಿಗೆ ಗಾಳಿ ನೋಡಕ್ಕೆ ಹೋಗ್ತಿದ್ರು. ನಮ್ಮ ಯಜಮಾನರೂ ಕಾರು ಇಟ್ಟಿದ್ರು ಕಣೇ, ವಿನಿ. ಟೈರಿಂದ ಮಾವಿನ ಹಣ್ಣಿನ ವಾಸನೆ ಬರೋದನ್ನ ನಾನು ಎಲ್ಲೂ ಕಂಡಿರಲಿಲ್ಲ."

"ಅಮ್ಮ, ನಿನಗೆ ಗೊತ್ತಿತ್ತಾ?"

"ಅದು ಏನು ಅಂತ ಗೊತ್ತಿರಲಿಲ್ಲ. ಬಚ್ಚಿಟ್ಟಿದ್ದು ಅಂತ ಗೊತ್ತಿತ್ತು. ಬಚ್ಚಿಟ್ಟಿದ್ದನ್ನ ನಾಲ್ಕು ಜನರ ಕಣ್ಮುಂದೆ ಎತ್ತರದಲ್ಲಿಟ್ಟರೆ, ಬಚ್ಚಿಟ್ಟೋರು ಮುಟ್ಟಲ್ಲ."

ವಿನಿತಾ ಗಂಟು ಮುಖ ಹಾಕಿಕೊಂಡಿರೋಕೆ ತುಂಬಾ ಪ್ರಯತ್ನಪಟ್ಟಳು. ನಾನು ಕೈಮುಗಿದು ನಿಂತ ಫೋಟೋ ನೆನಪಾಯಿತೋ ಏನೋ, ಮೊದಲು ಭುಜ ಕುಲುಕಿತು, ಆಮೇಲೆ ಇಡೀ ಮಿನಿವ್ಯಾನು ಕುಲುಕಿತು. ದಿಯಾ ಅಂತೂ ಸೀಟಿನಿಂದ ಜಾರಿಯೇಬಿಟ್ಟಳು. ನಕ್ಕು ಸುಧಾರಿಸಿಕೊಂಡು ವಿನಿತಾ ಶಿಕ್ಷೆ ಹೇಳಿದಳು: ನಾಳೆ ಕೂಟದ ದಸರಾ ಕಾರ್ಯಕ್ರಮದಲ್ಲಿ ಅದೇ ಭಾಷಣ ಮತ್ತೆ ಮಾಡಬೇಕು, ಈ ಸಲ ನಡೆದದ್ದನ್ನು ನಡೆದ ಹಾಗೆ. ನಾನು ಇಳಿದು, ಆ ಮನುಷ್ಯ ಕೊಟ್ಟ ಕೈಗವಸು ಹಾಕಿಕೊಂಡು, ಕಳಶವನ್ನು ನನ್ನ ಕೈಯಾರೆ ಡ್ರಮ್ಮಿಗೆ ಇಳಿಸಿದೆ. ದಿಯಾ ಚೀಟಿಯ ಮೇಲೆ ಬರೆದಳು: ಐವತ್ತೊಂದು, ಕೂಡಿಸು ಅಪ್ಪನದು ಒಂದು.

ಅಷ್ಟರಲ್ಲಿ ಅತ್ತೆ ಕೆಳಗಿಳಿದು ಪಾರ್ಕಿಂಗ್ ಲಾಟಿನ ಮಧ್ಯದ ಮರದ ಹತ್ತಿರ ಹೋಗಿದ್ದರು. ಲೋಕಸ್ಟ್ ಅನ್ನುತ್ತಾರೆ ಅದಕ್ಕೆ. ಬನ್ನಿಯ ಎಲೆಯ ಹಾಗೇ ಸಾಲುಸಾಲು ಪುಟ್ಟ ಎಲೆ, ಅಕ್ಟೋಬರಿನಲ್ಲಿ ಅಪ್ಪಟ ಹಳದಿ. ಒಂದು ಹಿಡಿ ಆಯ್ದುಕೊಂಡು ಬಂದು ಮೊದಲು ಆ ವೆಸ್ಟಿನವನ ಕೈಗೆ ಎರಡೆಸಳು ಕೊಟ್ಟರು. ಅವನು ಏನೂ ಅರ್ಥವಾಗದೆ, ಆದರೆ ಬಹಳ ಗೌರವದಿಂದ, ಎದೆಯ ಜೇಬಿಗೆ ಹಾಕಿಕೊಂಡ. ಆಮೇಲೆ ನನ್ನ ಕೈಯಲ್ಲಿ ಇಟ್ಟರು.

"ಆ ಬಂಗಾರ ಕೊಟ್ಟಿರಿ. ಈ ಬಂಗಾರ ತಗೊಳ್ಳಿ."

ಮರುದಿನ ಭಾಷಣ ಮಾಡಿದೆ. ನಾಲ್ಕೇ ನಿಮಿಷ. ಹಿಂದಿನ ಪರದೆಯ ಮೇಲೆ ಲತಾಶ್ರೀ ನನ್ನ ಭಕ್ತಿಯ ಫೋಟೋವನ್ನು ಗೋಡೆಯಷ್ಟು ಅಗಲ ಹಾಕಿದ್ದರು. ನಗು ಎಷ್ಟು ಜೋರಾಗಿತ್ತೆಂದರೆ ಕೆನಡಾದವರು ಕಿಟಕಿ ಮುಚ್ಚಿಕೊಂಡರಂತೆ. ಮೊದಲ ಬಹುಮಾನ ಅತ್ತೆಗೇ ಬಂತು, ಇಲ್ಲದ ಅರಮನೆಗೆ. ರೈಲಿನವರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಊಟದ ಸಾಲಿನಲ್ಲಿ ಇಬ್ಬರು ನನ್ನ ಪಕ್ಕ ಬಂದು ನಿಂತು, ಆ ಕಡೆ ಈ ಕಡೆ ನೋಡಿ, ನನ್ನ ಜುಬ್ಬಾದ ಜೇಬಿಗೆ ಏನೋ ಇಳಿಸಿ ಹೋದರು. ಹೆಸರು ಹೇಳಲ್ಲ. ಒಂದು ಪುದೀನ, ಒಂದು ದ್ರಾಕ್ಷಿ. ಮನೆಗೆ ತಂದು ಮರಳಲ್ಲಿ ನೆಟ್ಟೆ. ಮುಂದಿನ ಸಲ ಕೌಂಟಿಯವರು ಕಸ ತೆಗೆದುಕೊಳ್ಳುವ ದಿನದವರೆಗೆ ತೊಟ್ಟಿ ಅಲ್ಲೇ ಇರುತ್ತೆ.

ಪೇಂಟ್ ಡಬ್ಬಿಗಳ ಹಿಂದೆ ಈಗ ಆ ಹಳದಿ ಎಲೆ ಇದೆ, ಒಣಗಿ ಗರಿಗರಿಯಾಗಿದೆ. ಅಭ್ಯಾಸಬಲ, ದಿನಕ್ಕೆ ಮೂರು ಸಲ ಗರಾಜಿಗೆ ಇನ್ನೂ ಹೋಗುತ್ತೇನೆ. ಹೋದ ಮೇಲೆ ಮಾಡೋಕೆ ಬೇರೆ ಏನೂ ಇಲ್ಲವಾದ್ದರಿಂದ ಟೈರಿಗೆ ಗಾಳಿ ನೋಡುತ್ತೇನೆ. ಹಾಗಾಗಿ ಧೈರ್ಯವಾಗಿ ಹೇಳಬಲ್ಲೆ: ಇಡೀ ಅಮೆರಿಕದಲ್ಲಿ ನನ್ನ ಕಾರಿನ ನಾಲ್ಕು ಟೈರುಗಳಷ್ಟು ಸರಿಯಾಗಿ ಗಾಳಿ ತುಂಬಿದ ಟೈರು ಇನ್ನೊಂದಿಲ್ಲ. ಈ ಒಂದು ಮಾತಿನಲ್ಲಿ ಮಾತ್ರ ಎಳ್ಳಷ್ಟೂ ಉತ್ಪ್ರೇಕ್ಷೆ ಇಲ್ಲ, ಬೇಕಾದರೆ ನಮ್ಮತ್ತೆಯನ್ನು ಕೇಳಿ. ಅವರು ಬಾಗಿಲಲ್ಲೇ ನಿಂತು ನೋಡುತ್ತಿರುತ್ತಾರೆ.